ಆಲ್ಡಿಹೈಡ್ ಸ್ಪಾಟ್ ಹೋಯ್ತು ಅಂತ ರಿಯಾಕ್ಷನ್ ನಿಲ್ಲಿಸ್ಬೇಡಿ

ಫಾರ್ಮಾ ಕಂಪನಿಯ ಸಿಂಥೆಸಿಸ್ ಲ್ಯಾಬಲ್ಲಿ ಕೆಲ್ಸ ನಂದು. ಎಂಎಸ್ಸಿ ಮುಗ್ಸಿ ಹೊಸದಾಗಿ ಬಂದವ್ರಿಗೆ ನಾವು ಮೊದ್ಲು ಕೊಡೋದು ಬಿಜಿನೆಲ್ಲಿ ರಿಯಾಕ್ಷನ್. 1891ರಷ್ಟು ಹಳೇದು, ನೋಡಕ್ಕೂ ಸುಲಭ, ಬೆಂಜಾಲ್ಡಿಹೈಡ್, ಈಥೈಲ್ ಅಸಿಟೋಅಸಿಟೇಟ್, ಯೂರಿಯಾ ಮೂರನ್ನೂ ಒಂದೇ ಫ್ಲಾಸ್ಕಿಗೆ ಹಾಕಿ, ಎಥನಾಲ್ ಸುರಿದು, ಸ್ವಲ್ಪ ಎಚ್‌ಸಿಎಲ್ ಬಿಟ್ಟು ರಿಫ್ಲಕ್ಸಿಗೆ (ಆವಿ ತಣ್ಣಗಾಗಿ ಮತ್ತೆ ಫ್ಲಾಸ್ಕಿಗೇ ಬೀಳೋ ಹಂಗೆ ಕುದಿಸೋದು) ಇಟ್ರೆ ನಮಗೆ ಬೇಕಾದ ಡೈಹೈಡ್ರೋಪಿರಿಮಿಡಿನೋನ್ ರಿಂಗ್ ರೆಡಿ. ಒಂದೊಂದು ಮೋಲ್ ಲೆಕ್ಕದಲ್ಲಿ ಒಟ್ಟು 296 ಗ್ರಾಂ ಹಾಕ್ತೀವಿ, ಅದ್ರಲ್ಲಿ 36 ಗ್ರಾಂ ನೀರಾಗಿ ಹೋಗುತ್ತೆ, ಮಿಕ್ಕಿದ್ದೆಲ್ಲಾ ಪ್ರಾಡಕ್ಟಲ್ಲೇ ಇರುತ್ತೆ. ಪೇಪರ್ ಮೇಲೆ.

ತೊಂದ್ರೆ ಶುರುವಾಗೋದು, ಏನೇನು ಉಳಿದಿದೆ ಅಂತ ಪ್ಲೇಟ್ ಮೇಲೆ ಸ್ಪಾಟ್ ಏರಿಸಿ ನೋಡೋ ಟಿಎಲ್‌ಸಿಲಿ. ಯೂರಿಯಾ ಯುವಿಲಿ ಕಾಣಲ್ಲ, ಹಾಕಿದ ಜಾಗ ಬಿಟ್ಟು ಮೇಲಕ್ಕೂ ಏರಲ್ಲ, ಹಂಗಾಗಿ ಎಲ್ರೂ ನೋಡೋದು ಆಲ್ಡಿಹೈಡ್ ಸ್ಪಾಟ್ ಒಂದನ್ನೇ, ಅದು ಮಾಯ ಆಯ್ತಾ "ಸರ್, ಆಯ್ತು" ಅಂತ ಓಡಿ ಬರ್ತಾರೆ. ಆದ್ರೆ ಆಲ್ಡಿಹೈಡ್ ಹೋಗಕ್ಕೆ ದಾರಿ ಒಂದಾ? ಅಸಿಟೋಅಸಿಟೇಟ್ ಜೊತೆ ನೇರ ಸೇರಿ ನೋವೆನಾಗೆಲ್ ಪ್ರಾಡಕ್ಟ್ ಆಗ್ಬೋದು, ಎರಡು ಯೂರಿಯಾ ಹಿಡ್ಕೊಂಡು ಬಿಸ್‌ಯೂರಿಯಾ ಆಗ್ಬೋದು, ಯೂರಿಯಾ ಜಾಸ್ತಿ ಕಾದು ಅಮೋನಿಯಾ ಬಿಟ್ರೆ ಹಾಂಟ್ಶ್ ಡೈಹೈಡ್ರೋಪಿರಿಡೀನ್ ಅನ್ನೋ ಬೇರೆ ರಿಂಗೂ ಬರುತ್ತೆ. ಇದ್ರಲ್ಲಿ ಬಿಸ್‌ಯೂರಿಯಾ ಮಹಾ ಕಿರಿಕಿರಿ, ಸರಿಯಾಗಿ ಕರಗಲ್ಲ, ನಮ್ ಪ್ರಾಡಕ್ಟ್ ಜೊತೇಲೇ ಬಿಳಿ ಪುಡಿಯಾಗಿ ಫಿಲ್ಟರ್ ಮೇಲೆ ಕೂತಿರುತ್ತೆ, ಯೀಲ್ಡ್ ಬೇರೆ ಚೆನ್ನಾಗಿ ತೋರ್ಸುತ್ತೆ!

ಅದಕ್ಕೆ ಮೆಲ್ಟಿಂಗ್ ಪಾಯಿಂಟ್ ನೋಡಿ ಅಂತೀನಿ, ಈಗಿನ ಹುಡುಗ್ರಿಗೆ ಅದು ಅಜ್ಜನ ಕಾಲದ್ದು ಅನ್ಸುತ್ತೆ. ಬೇಕಾದ್ದು 200 ಡಿಗ್ರಿ ದಾಟಿ ಕರಗುತ್ತೆ, ಹಾಂಟ್ಶ್‌ದು 156-158ಕ್ಕೇ. ಆಮೇಲೆ ಡಿಎಂಎಸ್‌ಓ ಸಾಲ್ವೆಂಟಲ್ಲಿ ಕರಗಿಸಿ ಎನ್‌ಎಂಆರ್ (ಅಣುವಿನ ರಚನೆ ತೋರ್ಸೋ ಪರೀಕ್ಷೆ): ನಮ್ದಕ್ಕೆ ಎರಡು ಎನ್‌ಎಚ್, ಸಿಗ್ನಲ್ ಸುಮಾರು 9.2 ಮತ್ತೆ 7.7 ಪಿಪಿಎಂನಲ್ಲಿ, ಹಾಂಟ್ಶ್‌ಗೆ ಒಂದೇ. ಶುದ್ಧ ಮಾಡದ ಕ್ರೂಡ್‌ನೇ ಕೊಡಿ, ಕ್ರಿಸ್ಟಲ್ ಮಾಡಿದ್ಮೇಲೆ ಕೊಟ್ರೆ ಫ್ಲಾಸ್ಕಲ್ಲಿ ಏನೇನು ಆಗಿತ್ತು ಅಂತ ಗೊತ್ತಾಗಲ್ಲ.

ಕ್ಯಾಟಲಿಸ್ಟ್ (ಇಲ್ಲಿ ಆ ಎಚ್‌ಸಿಎಲ್) ವಿಷ್ಯಕ್ಕೆ ಜಾಸ್ತಿ ತಲೆ ಕೆಡಿಸ್ಕೋಬೇಡಿ, ನಿಂಬೆರಸದವರೆಗೂ ಪೇಪರ್ ಬಂದಿದೆ ಈ ಒಂದು ರಿಯಾಕ್ಷನ್ ಮೇಲೆ. ನನ್ ಕೇಳಿದ್ರೆ ಮೊದ್ಲು ಬೆಂಜಾಲ್ಡಿಹೈಡ್ ಬಾಟ್ಲಿ ಮುಚ್ಚಳ ನೋಡಿ, ಅಂಚಲ್ಲಿ ಬಿಳಿ ಹರಳು ಕಟ್ಟಿದ್ರೆ ಗಾಳಿಗೆ ಬೆಂಜೋಯಿಕ್ ಆಸಿಡ್ ಆಗಿದೆ ಅಂತ ಅರ್ಥ, ನೀವು ತೂಗಿದ್ದರಲ್ಲಿ ಅಷ್ಟು ಆಲ್ಡಿಹೈಡೇ ಇಲ್ಲ, ಡಿಸ್ಟಿಲ್ ಮಾಡ್ಕೊಂಡು ಹಾಕಿ.

ಸ್ಕೇಲ್ ದೊಡ್ಡದಾದ್ರೆ ಇನ್ನೊಂದಿದೆ. ಪ್ರಾಡಕ್ಟ್ ಕೆಲವು ಸಲ ಒಂದೇ ಏಟಿಗೆ ಗಟ್ಟಿಯಾಗಿ ಬಿದ್ಬಿಡುತ್ತೆ, ಒಳಗೆ ಕಲಕೋ ಮ್ಯಾಗ್ನೆಟ್ ತಿರುಗೋದು ನಿಂತೋಗುತ್ತೆ, ತಳ ಮಾತ್ರ ಕಾಯ್ತಾ ಇರುತ್ತೆ. ನಾವು ಮೊದಲಿಂದ್ಲೇ ಮೇಲಿಂದ ಮೋಟಾರಲ್ಲಿ ಕಲಕೋ ಓವರ್‌ಹೆಡ್ ಸ್ಟಿರರ್ ಹಾಕ್ತೀವಿ, ಎಥನಾಲೂ ಸ್ವಲ್ಪ ಧಾರಾಳವಾಗಿ.