ಎರ್ಲಾಂಗ್ ನೋಡಿ 3ಜಿ ಟವರ್ ಆರಿಸಿದ ಕಥೆ

2011ರ ಜನವರಿ ಕೊನೆ. ನಮ್ಮ ಮೊಬೈಲ್ ಕಂಪನಿಯ ಬೆಂಗಳೂರಿನ ಸರ್ಕಲ್ ಆಫೀಸಿನಿಂದ, ಅಂದರೆ ಇಡೀ ರಾಜ್ಯ ನೋಡಿಕೊಳ್ಳುವ ಆಫೀಸಿನಿಂದ, ಹಾಸನದ ನಮ್ಮ ಆಫೀಸಿಗೆ ಒಂದು ಮೇಲ್ ಬಂತು. ಹಾಸನ, ಚಿಕ್ಕಮಗಳೂರು ಪೇಟೆಗಳ 3ಜಿ ಪ್ಲಾನ್ ಅವರೇ ಮುಗಿಸಿದ್ದರು. ತಾಲ್ಲೂಕುಗಳಿಗೆ ಅಂತ ಆರು ನೋಡ್‌ಬಿ ಉಳಿದಿವೆ, ಯಾವ ಟವರಿಗೆ ಹಾಕಬೇಕು ಅನ್ನೋ ಪಟ್ಟಿ ಸಂಜೆಯೊಳಗೆ ಕಳಿಸಿ ಅಂತ ಅದರಲ್ಲಿತ್ತು. ನೋಡ್‌ಬಿ ಅಂದರೆ 3ಜಿ ಸಿಗ್ನಲ್ ಬಿಡುವ ಪೆಟ್ಟಿಗೆ. ಎರಡೂ ಜಿಲ್ಲೆಯ ಟವರುಗಳ ಪ್ಲಾನಿಂಗ್ ನೋಡಿಕೊಳ್ಳುತ್ತಿದ್ದವನು ನಾನೊಬ್ಬನೇ. ಎಕ್ಸೆಲ್ ತೆರೆದೆ, 2ಜಿ ಟವರುಗಳನ್ನು ಎರ್ಲಾಂಗ್ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸಿದೆ, ಮೊದಲ ಆರನ್ನು ಕತ್ತರಿಸಿ ಕಳಿಸಿಬಿಟ್ಟೆ. ಅರಸೀಕೆರೆಗೆ ಎರಡು, ಚನ್ನರಾಯಪಟ್ಟಣ, ಕಡೂರು, ಬೇಲೂರು, ಸಕಲೇಶಪುರಕ್ಕೆ ಒಂದೊಂದು. ಲೋಟದ ಕಾಫಿ ಆರುವ ಮೊದಲೇ ಕೆಲಸ ಮುಗಿದಿತ್ತು.

ಎರ್ಲಾಂಗ್ ಅಂದರೆ ಮಾತಿನ ಅಳತೆ. ಒಂದು ಲೈನ್ ಪೂರ್ತಿ ಒಂದು ಗಂಟೆ ಮಾತಿನಲ್ಲೇ ಇದ್ದರೆ ಒಂದು ಎರ್ಲಾಂಗ್. ಮಾತು ಜಾಸ್ತಿ ಇರೋ ಕಡೆ ಗಿರಾಕಿ ಜಾಸ್ತಿ, ಗಿರಾಕಿ ಜಾಸ್ತಿ ಇರೋ ಕಡೆ 3ಜಿ ಓಡುತ್ತೆ. ನನ್ನ ತಲೆಯಲ್ಲಿದ್ದ ಲೆಕ್ಕ ಇಷ್ಟೇ. ಆ ಹತ್ತು ನಿಮಿಷದ ಕೆಲಸವನ್ನು ಸರಿ ಮಾಡೋಕೆ ಒಂದೂವರೆ ವರ್ಷ ಹಿಡಿಯಿತು.

ಆಗಿನ ಅವಸರ ಎಂಥದ್ದು ಅಂತಲೂ ಹೇಳಬೇಕು. 2010ರ ಏಪ್ರಿಲ್ 9ಕ್ಕೆ ಶುರುವಾದ 3ಜಿ ಹರಾಜು 183 ಸುತ್ತು ನಡೆದು ಮೇ 19ಕ್ಕೆ ಮುಗಿದಿತ್ತು. ಇಡೀ ದೇಶದ ಲೆಕ್ಕದಲ್ಲಿ 3,500 ಕೋಟಿಗೆ ಶುರುವಾದ ಕೂಗು 16,750 ಕೋಟಿ ದಾಟಿ ನಿಂತಿತು. ಕರ್ನಾಟಕ ಸರ್ಕಲ್ ಒಂದಕ್ಕೇ 1,579.91 ಕೋಟಿ. ಅಷ್ಟು ಸುರಿದಿದ್ದಕ್ಕೆ ಸಿಕ್ಕಿದ್ದು 2100 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಹೋಗೋಕೆ 5, ಬರೋಕೆ 5 ಮೆಗಾಹರ್ಟ್ಸ್, 20 ವರ್ಷಕ್ಕೆ. ನಮ್ಮ ಮ್ಯಾನೇಜರ್ ಅದನ್ನು ವೈಟ್‌ಬೋರ್ಡಿನ ಮೇಲೆ ಭಾಗಿಸಿ ತೋರಿಸಿದ್ದರು: ಬಡ್ಡಿ ಬಿಟ್ಟು ವರ್ಷಕ್ಕೆ 79 ಕೋಟಿ, ದಿನಕ್ಕೆ ಇಪ್ಪತ್ತೊಂದೂವರೆ ಲಕ್ಷ, ನಿಮಿಷಕ್ಕೆ 1,500 ರೂಪಾಯಿ. ಯಾರಾದರೂ ಟೀಗೆ ಎದ್ದರೆ ಸಾಕು, "ಹೋಗಿ ಬನ್ನಿ, ಮೂವತ್ತು ಸಾವಿರ ಆಗುತ್ತೆ" ಅಂತಿದ್ದರು.

ಇನ್ನೊಂದು ಕಡೆ ಮಾತಿನ ದುಡ್ಡು ಒಣಗುತ್ತಾ ಬಂದಿತ್ತು. 2009ರಲ್ಲಿ ಸೆಕೆಂಡಿಗೆ 1 ಪೈಸೆ ದರ ಬಂದ ಮೇಲೆ ನಿಮಿಷಕ್ಕೆ 60 ಪೈಸೆ. ಕರೆ ಬೇರೆ ಕಂಪನಿಯ ನಂಬರಿಗೆ ಹೋದರೆ ಅದರಲ್ಲಿ 20 ಪೈಸೆ ಅವರ ಪಾಲು. ಸಾಲದ್ದಕ್ಕೆ ಆ ಜನವರಿ 20ರಿಂದ ನಂಬರ್ ಬದಲಿಸದೆ ಕಂಪನಿ ಬದಲಿಸಬಹುದು ಅಂತಾಯಿತು. ಹಾಗಾಗಿ ಎಲ್ಲರ ಕಣ್ಣೂ ಡೇಟಾ ಮೇಲೆ.

ಈಗ ಯೋಚಿಸಿದರೆ ಆ ಇಪ್ಪತ್ತೊಂದೂವರೆ ಲಕ್ಷವೇ ನನ್ನ ದಾರಿ ತಪ್ಪಿಸಿದ್ದು. ಪೆಟ್ಟಿಗೆಯನ್ನು ಅರಸೀಕೆರೆಯಲ್ಲಿ ಹಾಕಿದರೂ ಆ ಖರ್ಚು ಅಷ್ಟೇ, ಮುಳ್ಳಯ್ಯನಗಿರಿ ತುದಿಯಲ್ಲಿ ಹಾಕಿದರೂ ಅಷ್ಟೇ, ಗೋಡೌನಿನಲ್ಲಿ ಬಿಸಾಕಿದರೂ ಅಷ್ಟೇ. ಟವರಿಂದ ಟವರಿಗೆ ಬದಲಾಗೋ ಖರ್ಚು ಬೇರೆ ಇತ್ತು, ಅದು ನನ್ನ ಎಕ್ಸೆಲ್‌ನಲ್ಲಿ ಒಂದು ಕಾಲಂ ಕೂಡ ಆಗಿರಲಿಲ್ಲ.

ಏಪ್ರಿಲ್‌ನಲ್ಲಿ ಆರೂ ಸೈಟ್ ಆನ್ ಆದವು. ಅರಸೀಕೆರೆಯ ಅಂಗಡಿಯಲ್ಲಿ ಬಲೂನು ಕಟ್ಟಿ, ವಿಡಿಯೋ ಕಾಲ್ ಡೆಮೊ ಇಟ್ಟಿದ್ದೆವು. ಇಲ್ಲಿಂದ ಒಬ್ಬ ಹುಡುಗ, ಹಾಸನದ ಅಂಗಡಿಯಿಂದ ಇನ್ನೊಬ್ಬ. ಕೊಬ್ಬರಿ ಮಂಡಿಗೆ ಬಂದಿದ್ದ ಯಜಮಾನರೊಬ್ಬರು ಫೋನ್ ಹಿಡಿದು, ಆ ಕಡೆಯ ಹುಡುಗನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಚೆನ್ನಾಗೈತೆ, ಆದ್ರೆ ಇವ್ನ ಮುಖ ನೋಡಿ ನಾನೇನ್ ಮಾಡ್ಲಿ?" ಅಂತ ವಾಪಸ್ ಕೊಟ್ಟರು. ಆಮೇಲೆ ಜೇಬಿನಿಂದ ತಮ್ಮ ಫೋನ್ ತೆಗೆದು, "ಇದ್ರಲ್ಲಿ ಬರುತ್ತಾ?" ಅಂದರು. ಟಾರ್ಚ್ ಇರುವ ಕಪ್ಪು ಬಿಳುಪು ನೋಕಿಯಾ. ಆ ಪ್ರಶ್ನೆಯಲ್ಲೇ ನನ್ನ ತಪ್ಪು ಪೂರ್ತಿ ಇತ್ತು, ನನಗೆ ಅವತ್ತು ಹೊಳೆಯಲಿಲ್ಲ. ಸುಮ್ಮನೆ ನಕ್ಕೆ.

ತಿಂಗಳಾದರೂ ಅರಸೀಕೆರೆಯ ಎರಡೂ ಪೆಟ್ಟಿಗೆ ಹೆಚ್ಚು ಕಮ್ಮಿ ಖಾಲಿ. ಸಕಲೇಶಪುರದ್ದು ಮಾತ್ರ ವಿಚಿತ್ರವಾಗಿ ನಡೆದುಕೊಳ್ಳುತ್ತಿತ್ತು. ಮೂರು ದಿಕ್ಕಿಗೆ ಮೂರು ಸೆಕ್ಟರ್ ಇರುತ್ತವೆ. ಪೇಟೆ ಕಡೆಯ ಎರಡು ತಣ್ಣಗಿದ್ದವು, ಗುಡ್ಡದ ಕಡೆ ಮುಖ ಮಾಡಿದ್ದು ಮಾತ್ರ ರಾತ್ರಿ ಎಂಟರಿಂದ ಹನ್ನೊಂದರವರೆಗೆ ಜಗ್ಗುತ್ತಿತ್ತು. ಬಳಕೆ ಎಣಿಸುವ ಕೌಂಟರ್ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಟಿಕೆಟ್ (ದೂರು) ಕೂಡ ಹಾಕಿದ್ದೆ.

ಮೇ ಮಧ್ಯದಲ್ಲಿ ಒಬ್ಬ ಕಾಫಿ ಪ್ಲಾಂಟರ್ ಡಾಂಗಲ್, ಅಂದರೆ ಕಂಪ್ಯೂಟರಿಗೆ ಚುಚ್ಚಿ ನೆಟ್ ಬಳಸುವ ಕಡ್ಡಿ, ಹಿಡಿದು ನೇರ ಆಫೀಸಿಗೇ ಬಂದರು. ಹಾನುಬಾಳು ಕಡೆ ಹೋಗುವ ದಾರಿಯ ಎಸ್ಟೇಟ್. "ಡಬ್ಬದ ಮೇಲೆ 7.2 ಅಂತ ಬರ್ದಿದೀರಿ, ನನ್ಗೆ 0.2 ಕೂಡ ಬರ್ತಿಲ್ಲ." 7.2 ಅಂದರೆ ಎಂಬಿಪಿಎಸ್, ಸೆಕೆಂಡಿಗೆ ಅಷ್ಟು ಮೆಗಾಬಿಟ್ ವೇಗ. ಮಾರನೆಯ ದಿನ ಜೀಪಿನಲ್ಲಿ ಹೋದೆ. ಮನೆಯ ಒಂದು ಕಿಟಕಿಗೆ ಅಡುಗೆ ಮನೆಯ ಸ್ಟೀಲ್ ಜರಡಿಯೊಂದನ್ನು ಸುತಳಿ ದಾರದಲ್ಲಿ ಕಟ್ಟಿದ್ದರು. ಅದರ ನಡುವೆ ಡಾಂಗಲ್, ಅಲ್ಲಿಂದ ಉದ್ದದ ಯುಎಸ್‌ಬಿ ವೈರು ಮೇಜಿನವರೆಗೆ. ಜರಡಿ ಡಿಶ್ ಥರ ಕೆಲಸ ಮಾಡುತ್ತೆ ಅಂತ ಯಾರೋ ಹೇಳಿದ್ದರಂತೆ. ಹೇಳಿದವರು ಸುಳ್ಳು ಹೇಳಿರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅಳೆದು ನೋಡಿದೆ, ಜರಡಿ ತೆಗೆದರೆ 3ಜಿ ಪೂರ್ತಿ ಹೋಗುತ್ತಿತ್ತು, ಕಟ್ಟಿದರೆ ಸಕಲೇಶಪುರದ ಸಿಗ್ನಲ್ ಉಸಿರು ಹಿಡಿದುಕೊಂಡು ಬರುತ್ತಿತ್ತು. ಆಫೀಸಿನಲ್ಲಿ ಕೂತು ಕೌಂಟರ್ ಕೆಟ್ಟಿದೆ ಅಂದಿದ್ದೆನಲ್ಲ, ಆ ಗುಡ್ಡದ ಸಾಲಿನಲ್ಲಿ ಇಂಥ ಜರಡಿ ಇನ್ನೆಷ್ಟು ಮನೆಯಲ್ಲಿದ್ದವೋ!

ಸಂಜೆ ಕಾಫಿ ಕೊಟ್ಟು ಅವರೇ ವಿಷಯ ಬಿಚ್ಚಿದರು. ಆ ತಿಂಗಳು ನ್ಯೂಯಾರ್ಕಿನಲ್ಲಿ ಅರೇಬಿಕಾ ಒಂದು ಪೌಂಡಿಗೆ 3 ಡಾಲರ್ ದಾಟಿತ್ತು, 1997ರ ನಂತರ ಯಾರೂ ಕಾಣದ ದರ. ಗೋಡೌನಿನಲ್ಲಿ ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಸಮೇತ ಒಣಗಿಸಿದ ಕಾಫಿ ಬೀಜದ ಮೂಟೆ ಹಾಗೇ ಇದೆ, ಮಾರಬೇಕೋ ಕಾಯಬೇಕೋ ಅನ್ನೋದು ರಾತ್ರಿಯ ದರದ ಮೇಲೆ. ಅಲ್ಲಿನ ವ್ಯಾಪಾರ ಜೋರಾಗೋ ಹೊತ್ತಿಗೆ ನಮಗೆ ರಾತ್ರಿ. ಮೊದಲೆಲ್ಲ ಚಿಕ್ಕಮಗಳೂರಿನ ವ್ಯಾಪಾರಿಗೆ ಫೋನ್ ಮಾಡಿ ಕೇಳುತ್ತಿದ್ದರಂತೆ. "ಅವ್ರು ಹೇಳಿದ್ದೇ ರೇಟು. ಈಗ ನಾನೇ ನೋಡ್ತೀನಲ್ಲ." ಒಂದು ಮೂಟೆಯ ಮೇಲೆ ನೂರು ರೂಪಾಯಿ ಹೆಚ್ಚು ಕಮ್ಮಿಯಾದರೂ ಆ ಮನೆಗೆ ಡೇಟಾ ಪ್ಯಾಕಿನ ದುಡ್ಡು ಏನೂ ಅಲ್ಲ. ಪ್ಯಾಕ್ ಇಲ್ಲದೆ ಬಳಸಿದರೆ 10 ಕೆಬಿಗೆ 10 ಪೈಸೆ, ಅಂದರೆ ಒಂದು ಎಂಬಿಗೆ 10 ರೂಪಾಯಿ ಮೇಲೆ ಬೀಳುತ್ತಿದ್ದ ಕಾಲ ಅದು. ಅರಸೀಕೆರೆಯ ಕಾಲೇಜು ಹುಡುಗ ಒಂದು ಸಲ ಬ್ಯಾಲೆನ್ಸ್ ಸೊನ್ನೆ ಮಾಡಿಕೊಂಡು ನೆಟ್ ಆಫ್ ಮಾಡಿದವನು ಮತ್ತೆ ಆನ್ ಮಾಡುತ್ತಿರಲಿಲ್ಲ.

ವಾಪಸ್ ಬಂದು ಮೊದಲು ಮಾಡಬೇಕಿದ್ದ ಕೆಲಸವನ್ನು ಕೊನೆಗೆ ಮಾಡಿದೆ. ಪ್ರತಿ ಫೋನಿಗೂ ಒಂದು ಐಎಂಇಐ ನಂಬರ್ ಇರುತ್ತೆ. ಅದರ ಮೊದಲ ಎಂಟು ಅಂಕಿ ನೋಡಿದರೆ ಯಾವ ಮಾಡೆಲ್ ಅಂತ ಗೊತ್ತಾಗುತ್ತೆ. ಯಾವ ಟವರಿನಡಿ ಎಷ್ಟು 3ಜಿ ಸೆಟ್ ಈಗಾಗಲೇ 2ಜಿಯಲ್ಲೇ ತೆವಳುತ್ತಿವೆ ಅಂತ ಬೆಂಗಳೂರಿನ ಸರ್ವರ್‌ನಲ್ಲಿ ಮೊದಲಿಂದಲೂ ಇತ್ತು. ಕೇಳಿದರೆ ಎರಡು ದಿನದಲ್ಲಿ ಕಳಿಸಿದರು. ನಾನು ಕೇಳಿರಲಿಲ್ಲ, ಅಷ್ಟೇ. ಜೋಡಿಸಿ ನೋಡಿದರೆ ಆ ಎಸ್ಟೇಟ್ ಪಕ್ಕದ ಗುಡ್ಡದ ಟವರು, ನನ್ನ ಎರ್ಲಾಂಗ್ ಪಟ್ಟಿಯ ಕೊನೆಯ ಪುಟದಲ್ಲಿ ಇದ್ದದ್ದು, ಇಲ್ಲಿ ಮೊದಲ ಹತ್ತರೊಳಗೆ. ಮೂಡಿಗೆರೆ, ಆಲ್ದೂರು ಕಡೆಯ ಕೆಲವು ಟವರುಗಳದ್ದೂ ಇದೇ ಕಥೆ. ಶನಿವಾರ, ಭಾನುವಾರದ ಕಾಲಂ ಬೇರೆ ತೆಗೆದರೆ ಇನ್ನೂ ಮೇಲೆ: ಹೋಂಸ್ಟೇಗೆ ಬರುವ ಬೆಂಗಳೂರಿನವರ ಐಫೋನು, ಬ್ಲ್ಯಾಕ್‌ಬೆರಿ.

ಅರಸೀಕೆರೆಯ ಒಂದು ಪೆಟ್ಟಿಗೆಯನ್ನು ಗುಡ್ಡಕ್ಕೆ ಸಾಗಿಸೋಣ ಅಂತ ಬರೆದೆ. ಪೆಟ್ಟಿಗೆ ಸಾಗಿಸೋದು ಒಂದು ಲಾರಿಯ ಕೆಲಸ. ಉಳಿದದ್ದನ್ನು ನೆನೆಸಿಕೊಂಡರೆ ಈಗಲೂ ಸೊಂಟ ನೋಯುತ್ತೆ.

ಮೊದಲು ಬ್ಯಾಕ್‌ಹಾಲ್, ಅಂದರೆ ಟವರಿಂದ ಊರಿನ ಕಡೆಗೆ ಹೋಗುವ ಕೊಳವೆ. ಆ ಟವರಿಗಿದ್ದದ್ದು ಡಿಶ್‌ನಿಂದ ಡಿಶ್‌ಗೆ ಹೋಗುವ ಹಳೆಯ ಮೈಕ್ರೋವೇವ್ ರೇಡಿಯೋ, ಅದರಲ್ಲಿ ನಮಗೆ ಉಳಿದದ್ದು ಎರಡು ಇ1. ಒಂದು ಇ1 ಅಂದರೆ 2.048 ಎಂಬಿಪಿಎಸ್. ಮೂರು ಸೆಕ್ಟರ್, ಒಂದೊಂದೂ ಗಾಳಿಯಲ್ಲಿ 7.2 ಕೊಡ್ತೀನಿ ಅನ್ನುತ್ತೆ, ಹಿಂದಿನ ಕೊಳವೆ ಮಾತ್ರ ನಾಲ್ಕು. ಮಾತಿಗೆ ಇದು ಬೇಕಾದಷ್ಟಾಯಿತು. ಡೇಟಾಗೆ ಓವರ್‌ಹೆಡ್ ಟ್ಯಾಂಕಿಗೆ ಗ್ಲೂಕೋಸ್ ಪೈಪ್ ಹಾಕಿದ ಹಾಗೆ. ಹೊಸ ರೇಡಿಯೋ ಹಾಕಬೇಕು ಅಂದಾಗ ಎರಡು ಟವರಿನ ನಡುವಿನ ದಾರಿಗೆ ಸಿಲ್ವರ್ ಓಕ್ ಮರ ಅಡ್ಡ ಬಂತು. ಎರಡು ಡಿಶ್ ಒಂದನ್ನೊಂದು ನೋಡುತ್ತಿರಬೇಕು. ಹಳೆಯ ಸರ್ವೇ ಆದಾಗ ಕೆಳಗಿದ್ದ ಮರ ಈಗ ತಲೆ ಎತ್ತಿದೆ. ಪ್ರತಿ ಮರಕ್ಕೂ ಮೆಣಸಿನ ಬಳ್ಳಿ ಹಬ್ಬಿದೆ. ಬಳ್ಳಿ ಇರುವ ಮರ ಕಡಿಯಿರಿ ಅಂತ ಮಲೆನಾಡಲ್ಲಿ ಯಾರಿಗಾದರೂ ಹೇಳಿ ನೋಡಿ! ಡಿಶ್ ಅನ್ನೇ ಮೇಲಕ್ಕೆ ಏರಿಸಿದೆವು. ಮೇಲೆ ಹೋದಷ್ಟೂ ಗಾಳಿಯ ಭಾರ ಜಾಸ್ತಿ ಅಂತ ಟವರ್ ಕಂಪನಿ ತಿಂಗಳ ಬಾಡಿಗೆ ಏರಿಸಿತು.

2100ರ ಸಿಗ್ನಲ್ ಎಲೆಗೆ ಬಹಳ ಸೋಲುತ್ತೆ. 900ರ 2ಜಿ ಎಲ್ಲಿವರೆಗೆ ಹೋಗುತ್ತಿತ್ತೋ ಅದರ ಅರ್ಧ ದಾರಿಯಲ್ಲೇ ಇದು ಸುಸ್ತು, ಎಲೆ ನೆನೆದಿದ್ದರೆ ಇನ್ನೂ ಕಷ್ಟ. ಎಸ್ಟೇಟಿನವರು ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ನೆರಳು ತೆಳು ಮಾಡುತ್ತಾರಲ್ಲ, ಆ ಎರಡು ವಾರ ನಮ್ಮ ಗ್ರಾಫ್ ತಾನಾಗೇ ಏರುತ್ತಿತ್ತು. ಬೆಂಗಳೂರಿನ ಆಪ್ಟಿಮೈಸೇಶನ್ ತಂಡ ಒಂದು ವರ್ಷ ಅದನ್ನು ತಮ್ಮ ಸಾಧನೆ ಅಂತ ಸ್ಲೈಡಿನಲ್ಲಿ ಹಾಕಿಕೊಂಡಿತ್ತು. ನಾನೂ ಬಾಯಿ ಬಿಡಲಿಲ್ಲ.

ಆಮೇಲೆ ಕರೆಂಟು. ಜೂನ್‌ನಲ್ಲಿ ಲೈನಿನ ಮೇಲೆ ಒಂದು ಮರ ಬಿದ್ದರೆ ಮೂರು ದಿನ ಕತ್ತಲೆ. 2ಜಿ ಮಾತ್ರ ಇದ್ದಾಗ ಬ್ಯಾಟರಿ ರಾತ್ರಿ ಪೂರ್ತಿ ಎಳೆಯುತ್ತಿತ್ತು. ನೋಡ್‌ಬಿ ಸೇರಿದ ಮೇಲೆ ನಡುರಾತ್ರಿಗೇ ಜನರೇಟರ್ ಕೂಗೋಕೆ ಶುರು. ಜೀಪು ಹತ್ತದ ಕೊನೆಯ ಅರ್ಧ ಮೈಲಿ ಡೀಸೆಲ್ ಕ್ಯಾನನ್ನು ಹುಡುಗರು ಹೆಗಲ ಮೇಲೆ ಹೊತ್ತು ಹತ್ತಬೇಕು, ಕಾಲಿಗೆ ಇಂಬಳ. ಒಂದು ಸಲ ನಾನೂ ಹೊತ್ತೆ, ಲೆಕ್ಕ ಅರ್ಥ ಆಗಲಿ ಅಂತ. ಚೆನ್ನಾಗಿಯೇ ಅರ್ಥವಾಯಿತು.

2012ರ ಮಧ್ಯದಲ್ಲಿ ಗುಡ್ಡದ ಸೈಟ್ ಹೊಸ ಕೊಳವೆಯ ಜೊತೆ ಆನ್ ಆಯಿತು. ಡಾಂಗಲ್ ಪ್ಯಾಕು, ಹೋಂಸ್ಟೇಗಳ ಕನೆಕ್ಷನ್ನು ಎಲ್ಲ ನಾವು ಅಂದುಕೊಂಡ ಹಾಗೇ ಬಂದವು. ಅಂದುಕೊಳ್ಳದೇ ಇದ್ದದ್ದು ಲೈನ್ ಮನೆಗಳ, ಅಂದರೆ ಎಸ್ಟೇಟ್ ಕೂಲಿಯವರ ಸಾಲು ಮನೆಗಳ ಹುಡುಗರು. ಆ ವರ್ಷ ಎಲ್ಲ ಕಂಪನಿಗಳೂ ಡೇಟಾ ದರವನ್ನು ಒಂದೇ ಏಟಿಗೆ ಇಳಿಸಿದವು, ಅಗ್ಗದ ಆಂಡ್ರಾಯ್ಡ್ ಸೆಟ್ಟುಗಳೂ ಬಂದವು. ಹತ್ತು, ಇಪ್ಪತ್ತು ರೂಪಾಯಿಯ ರೀಚಾರ್ಜ್ ವಾರದ ಸಂಬಳದ ದಿನ ಸಾಲಾಗಿ ಬೀಳುತ್ತಿತ್ತು. ನನ್ನ ಹೊಸ ಪಟ್ಟಿಯೂ ಅವರನ್ನು ಕಂಡಿರಲಿಲ್ಲ, ಯಾಕೆಂದರೆ 2011ರ ಐಎಂಇಐ ಲೆಕ್ಕದಲ್ಲಿ ಅವರ ಹತ್ತಿರ ಇದ್ದದ್ದು ಟಾರ್ಚ್ ನೋಕಿಯಾವೇ. 2013ರ ಕೊನೆಗೆ ಅರೇಬಿಕಾ ಒಂದು ಡಾಲರಿನ ಆಸುಪಾಸಿಗೆ ಕುಸಿದಾಗ ಈ ಸೈಟೂ ಮಲಗುತ್ತೆ ಅಂತ ಹೆದರಿದ್ದೆ. ಮಲಗಲಿಲ್ಲ. ಪ್ಲಾಂಟರ್ ದರ ನೋಡೋದು ಕಮ್ಮಿ ಮಾಡಿದರು, ಅವರ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ನ ಮಗ ಯೂಟ್ಯೂಬ್ ಹಿಡಿದಿದ್ದ. ಅರಸೀಕೆರೆಯಲ್ಲಿ ಉಳಿಸಿದ್ದ ಒಂದು ಪೆಟ್ಟಿಗೆಯೂ ಅಷ್ಟರಲ್ಲಿ ತುಂಬಿ, ಇನ್ನೊಂದು ಕಳಿಸಿ ಅಂತ ಅಲ್ಲಿಯ ಅಂಗಡಿಯವನು ನನಗೇ ಫೋನ್ ಮಾಡಿದ್ದ.

2020ರ ಹೊತ್ತಿಗೆ ನಾನು ಕಂಪನಿ ಬಿಟ್ಟು ಟವರ್ ನಿರ್ವಹಣೆಯ ಗುತ್ತಿಗೆ ಕೆಲಸಕ್ಕೆ ಸೇರಿದ್ದೆ. ಗುಡ್ಡದ ಮೇಲಿನ 3ಜಿ ಪೆಟ್ಟಿಗೆ ಇಳಿಸಿ, ಅದೇ 2100 ಬ್ಯಾಂಡನ್ನು 4ಜಿಗೆ ತಿರುಗಿಸೋ ಕೆಲಸ ನಮ್ಮ ತಂಡಕ್ಕೇ ಬಂತು. ಹಗ್ಗದಲ್ಲಿ ಪೆಟ್ಟಿಗೆ ಕೆಳಗೆ ಬರುವಾಗ ಆ ಪ್ಲಾಂಟರ್ ಕೊಡೆ ಹಿಡಿದು ನಿಂತಿದ್ದರು.

"ಇದು ಮತ್ತೆ ಅರಸೀಕೆರೆಗಾ?" ಅಂದರು.

"ಇಲ್ಲ ಸರ್, ಗುಜರಿಗೆ."