ಬಲ್ಬ್ ಬಂದಿದೆ, ಏಣಿ ಬಂದಿಲ್ಲ

ಬೆಳಗಿನ ಐದೂವರೆಗೆ ಅರಣ್ಯ ಇಲಾಖೆಯ ಮೆಸೇಜ್: ಪಕ್ಕದ ತೋಟದಲ್ಲಿ ಆನೆಗಳಿವೆ. ಸಕಲೇಶಪುರ, ಆಲೂರು ಕಡೆಯವರಿಗೆ ಇದೊಂಥರಾ ಹವಾಮಾನ ವರದಿ. ಓದಿ, ಕಾಫಿ ಕುಡಿದು, ಡೈರಿಗೆ ಹಾಲು ಹಾಕಲು ಹೊರಟೆ.

ತಿರುವಿನ ಬೀದಿದೀಪ ಇವತ್ತೂ ಇಲ್ಲ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಅದು ಗ್ರಾಮ ಪಂಚಾಯಿತಿ ಕೆಲಸ ಅಂತಿದೆ. ಗ್ರಾಮಸಭೆಯಲ್ಲಿ ಕೇಳಿದ್ದಕ್ಕೆ, 'ಬಲ್ಬ್ ಬಂದಿದೆ, ಏಣಿ ಬಂದಿಲ್ಲ' ಅಂದ್ರು. ಸುಮ್ನೆ ಬೈಯೋದೂ ಸರಿಯಲ್ಲ, ನೀರು ಬಿಡುವ ಅಣ್ಣ ಒಂದು ದಿನವೂ ತಪ್ಪಿಸಲ್ಲ.

ಟಾರ್ಚ್ ಹಾಕಿದೆ. ರಸ್ತೆ ಮಧ್ಯೆ ಲದ್ದಿ, ಇನ್ನೂ ಹಬೆ ಏಳುತ್ತಿತ್ತು. ಅದರಲ್ಲಿ ಬೈನೆ ಮರದ ನಾರು, ಜೊತೆಗೆ ಕಾಫಿ ಬೀಜ. ನಮ್ಮ ತೋಟದ್ದೇ ಇರಬೇಕು! ಅಷ್ಟು ದೊಡ್ಡ ಪ್ರಾಣಿ, ಕತ್ತಲಲ್ಲಿ ಹತ್ತು ಮಾರು ದೂರ ನಿಂತರೂ ಕಾಣಲ್ಲ ಅಲ್ವಾ? ಹಾಲಿನ ಕ್ಯಾನ್ ಸಮೇತ ಹಿಂದಕ್ಕೆ ಬಂದೆ. ಇವತ್ತು ಮನೆಯಲ್ಲಿ ಮೊಸರು ಜಾಸ್ತಿ.