ಪೂರಾ ಆರಾಮ ಆತೇನ್ರೀ?

ಬ್ಲೌಸ್ ಅಳತೆ ಕೊಡೋಕೆ ಬಂದವರು, ಮದುವೆ ಊಟಕ್ಕೆ ಪಕ್ಕದಲ್ಲಿ ಕೂತವರು, ಗವಿಮಠದ ಜಾತ್ರೆಯಲ್ಲಿ ಸಿಕ್ಕವರು, ಎಲ್ಲರೂ ದನಿ ಇಳಿಸಿ ಕೇಳುವುದು ಒಂದೇ. 'ಈಗ ಪೂರಾ ಆರಾಮ ಆತೇನ್ರೀ?'

ನಾನು ಕೊಪ್ಪಳದಲ್ಲಿ ಟೇಲರ್. ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದಿವೆ. 'ಹೂಂ, ಆಗೇತ್ರಿ' ಅಂದರೆ ಕೇಳಿದವರಿಗೆ ಸಮಾಧಾನ. ಮಾತು ಮಳೆ, ಬೆಳೆ ಕಡೆ ಹೋಗುತ್ತೆ. ಬಹಳ ಸಲ ಹಾಗೇ ಅಂದುಬಿಡ್ತೀನಿ. ನಿಂತ ಕಾಲಲ್ಲಿ ಹೇಳೋಕಾಗದ ಉತ್ತರ ಇಲ್ಲಿದೆ.

ಡಾಕ್ಟರು ಕೊಡೋ ಉತ್ತರ ಚಿಕ್ಕದು. ಸದ್ಯದ ತಪಾಸಣೆಯಲ್ಲಿ ರೋಗ ಕಾಣ್ತಿಲ್ಲ. ನನ್ನದು ಹಾರ್ಮೋನ್‌ನಿಂದ ಬೆಳೆಯುವ ಗಡ್ಡೆ. ಅದಕ್ಕೆ ದಿನಕ್ಕೊಂದು ಮಾತ್ರೆ, 5 ವರ್ಷ. ಕೆಲವರಿಗೆ 10 ವರ್ಷದವರೆಗೂ ಕೊಡ್ತಾರೆ. ಕೆಲವು ತಿಂಗಳಿಗೊಮ್ಮೆ ಚೆಕಪ್, ವರ್ಷಕ್ಕೊಮ್ಮೆ ಉಳಿದ ಸ್ತನದ ಮ್ಯಾಮೋಗ್ರಾಮ್, ಅಂದರೆ ಎಕ್ಸ್‌ರೇ. ಇಷ್ಟೇ. ಮಿಕ್ಕಿದ್ದು ಆಸ್ಪತ್ರೆ ಫೈಲಿನಲ್ಲಿ ಇಲ್ಲ.

ಫೈಲಿನಲ್ಲಿ ಇಲ್ಲದ್ದು ಟಿಕೆಟ್ ಕೌಂಟರಿನಿಂದಲೇ ಶುರುವಾಯಿತು. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್, ಥರ್ಡ್ ಎಸಿ ಪೂರ್ತಿ ಮಾಫಿ. ಜೊತೆಗೆ ಹೋಗುವವರಿಗೂ 75% ರಿಯಾಯಿತಿ. ಆಸ್ಪತ್ರೆಯವರು ಬರೆದುಕೊಟ್ಟ ಕಾಗದವನ್ನು ಕೌಂಟರಿನಲ್ಲಿ ಕೊಡಬೇಕು. ನಮ್ಮ ಮನೆಯವರು ಆ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೇ ಸಾಲಿನಲ್ಲಿ ನಿಂತರು, ಬೆಂಗಳೂರಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ಸಿಗೆ ಇಬ್ಬರಿಗೂ ಪೂರ್ತಿ ದುಡ್ಡು ಕೊಟ್ಟು ಟಿಕೆಟ್ ತಂದರು. ಹಿಂದೆ ನಮ್ಮ ಓಣಿಯವರು ನಿಂತಿದ್ದರಂತೆ. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತೆ, ನಮಗೂ ಸಿಕ್ಕಿತು. ಬೆಂಗಳೂರಿನ ರೂಮ್ ಬಾಡಿಗೆ, ಊಟ, ಅಂಗಡಿ ಮುಚ್ಚಿದ ದಿನಗಳ ದುಡಿಮೆ ಅದರಲ್ಲಿ ಬರಲ್ಲ. ನಾಚಿಕೆಯ ಖರ್ಚಂತೂ ಯಾವ ಕಾರ್ಡಿನಲ್ಲೂ ಬರಲ್ಲ.

ಮೊದಲ ಕೀಮೋ ಆಗಿ ಎರಡು ಮೂರು ವಾರಕ್ಕೆ ಕೂದಲು ಉದುರುತ್ತೆ. ಬೋಳು ತಲೆ ಮುಚ್ಚಿಡೋದು ನಮ್ಮ ಕಡೆ ಅಷ್ಟೇನೂ ಕಷ್ಟವಿಲ್ಲ. 'ತಿರುಪತಿಗೆ ಹೋಗಿದ್ರೇನ್ರೀ?' ಅಂತ ಅವರೇ ದಾರಿ ತೋರಿಸ್ತಾರೆ. ನಾನೂ ತಲೆಯಾಡಿಸಿದೆ. ಒಬ್ಬ ಅಜ್ಜಿ ಮಾತ್ರ ನನ್ನ ಮುಖ ದಿಟ್ಟಿಸಿ, 'ತಿಮ್ಮಪ್ಪ ಹುಬ್ಬೂ ತಗೊಂಡನೇನವ್ವಾ?' ಅಂದಳು. ಆ ದಿನಗಳಲ್ಲಿ ಮನಸಾರೆ ನಕ್ಕಿದ್ದು ಅದೊಂದೇ ಸಲ.

ಇನ್ನೊಂದು ಕಡೆ ನಗು ಬರಲಿಲ್ಲ. ಪರಿಚಯದವರ ಮನೆಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಚಹಾ, ನನಗೊಬ್ಬಳಿಗೆ ಪೇಪರ್ ಕಪ್. ಕ್ಯಾನ್ಸರ್ ಲೋಟದಿಂದ, ಕೈ ಮುಟ್ಟಿದ್ದರಿಂದ ಅಂಟೋದಿಲ್ಲ. ನಿಜ ಹೇಳಬೇಕಂದರೆ ಆಗ ಹೆದರಬೇಕಾಗಿದ್ದವಳು ನಾನು. ಕೀಮೋ ಆದ ಒಂದೆರಡು ವಾರ ಬಿಳಿ ರಕ್ತಕಣ ಕಡಿಮೆ ಆಗಿರುತ್ತವೆ, ಬೇರೆಯವರ ನೆಗಡಿಯೂ ನಮಗೆ ಅಪಾಯ. ಆ ಮನೆಯ ಹುಡುಗ ಮೂಗು ಸೋರಿಸ್ಕೊಂಡು ನನ್ನ ಪಕ್ಕದಲ್ಲೇ ಕೂತಿದ್ದ!

ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಮಗಳ ಮದುವೆ ವಿಷಯ. ಆಗಷ್ಟೇ ಗಂಡು ನೋಡ್ತಾ ಇದ್ದೆವು. 'ಗರ್ಭಕೋಶದ ಆಪರೇಷನ್ ಅಂತ ಹೇಳ್ರಿ ಸಾಕು' ಅಂದರು ನಮ್ಮ ವೈನಿ. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಎಲ್ಲರೂ ಮಾಡೋದನ್ನೇ ಹೇಳಿದರು. ಸ್ತನ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 5ರಿಂದ 10 ಮಾತ್ರ ತಂದೆ ತಾಯಿಯಿಂದ ಬಂದ ಜೀನ್‌ನಿಂದ ಆಗೋದು. ಇದನ್ನು ಬೀಗರಾಗೋರಿಗೆ ಕೂರಿಸಿ ತಿಳಿಸೋದು ಯಾರು? ಮಗಳು ತಾನೇ ನೇರವಾಗಿ ಹೇಳಿಬಿಟ್ಟಳು. ಮಾತುಕತೆ ಎಲ್ಲ ಮುಗಿಸಿದ್ದ ಒಂದು ಮನೆಯವರು ವಾರ ಬಿಟ್ಟು ಕುಂಡಲಿ ಕೂಡಲಿಲ್ಲ ಅಂದರು. ಅವರು ಕುಂಡಲಿ ಕೇಳಿಯೇ ಇರಲಿಲ್ಲ. ಮಗಳು ಈಗ ಬೇರೆ ಮನೆಯಲ್ಲಿ ಚೆನ್ನಾಗಿದ್ದಾಳೆ. ಆದರೂ ಆ ವಾರ ಅವಳ ಮುಖ ನೋಡೋಕೆ ನನಗೆ ಧೈರ್ಯ ಇರಲಿಲ್ಲ. ರೋಗ ನನ್ನದು, ಅದರ ಲೆಕ್ಕ ಚುಕ್ತಾ ಮಾಡಿದ್ದು ಅವಳು.

ಇನ್ನು ಭಯ. ಅದು ಯಾವಾಗಲೂ ಇರಲ್ಲ, ಚೆಕಪ್ ಹತ್ತಿರ ಬಂದಾಗ ಬರುತ್ತೆ. ವರ್ಷಗಟ್ಟಲೆ ಮಷಿನ್ ಮೇಲೆ ಬಗ್ಗಿದ ಬೆನ್ನು ನೋಯದೇ ಇರುತ್ತಾ? ಮೊದಲಾಗಿದ್ದರೆ ಬಾಮ್ ಹಚ್ಚಿ ಮಲಗ್ತಿದ್ದೆ. ಈಗ ಹಚ್ಚಿಕೊಂಡು ಎದ್ದು ಕೂರ್ತೀನಿ, ಮೂಳೆಗೇನಾದ್ರೂ ಇಳೀತಾ ಅಂತ. ಮನೆಯವರೂ ಎದ್ದಿರ್ತಾರೆ, ನಿದ್ದೆ ಬಂದವರ ಹಾಗೆ ಸುಮ್ನೆ ಬಿದ್ದುಕೊಂಡಿರ್ತಾರೆ. ಇಷ್ಟು ದಿನದಲ್ಲಿ 'ನೀವ್ ಹೆಂಗದೀರಿ' ಅಂತ ಅವರನ್ನು ಯಾರೂ ಕೇಳಿದ್ದು ನಾನು ಕಾಣೆ. ಗಂಡಸರು ಗಟ್ಟಿ ಇರ್ತಾರೆ ಅಂತ ಎಲ್ಲರ ಲೆಕ್ಕ. ಇಂಥ ಒಂದು ರಾತ್ರಿ ಅವರೇ 14416ಕ್ಕೆ ಫೋನ್ ಮಾಡಿದರು. ಮನಸ್ಸಿನ ಕಷ್ಟ ಹೇಳಿಕೊಳ್ಳೋಕೆ ಸರ್ಕಾರ 2022ರಲ್ಲಿ ಶುರುಮಾಡಿದ ಟೆಲಿ ಮಾನಸ್ ನಂಬರು. ಯಾವ ಹೊತ್ತಿನಲ್ಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಏನು ಮಾತಾಡಿದರೋ ನಾನು ಕೇಳಿಲ್ಲ. ಮರುದಿನ ಹೊಟ್ಟೆ ತುಂಬ ಉಂಡರು.

ಹಾಗಾದರೆ ಆರಾಮ ಆಗಿದೆಯಾ? ರೋಗದ ಮಟ್ಟಿಗೆ, ಇವತ್ತಿನ ಮಟ್ಟಿಗೆ, ಹೌದು. ಕೈ ಮಟ್ಟಿಗೆ ಇಲ್ಲ. ಕಂಕುಳಿನ ಲಿಂಫ್ ಗ್ರಂಥಿಗಳನ್ನು ತೆಗೆದಿರುವುದರಿಂದ ಎಡಗೈ ಬಾತುಕೊಳ್ಳುತ್ತೆ. ಭಾರ ಎತ್ತಬೇಡಿ, ಸುಟ್ಟುಕೊಳ್ಳಬೇಡಿ, ಸೂಜಿ ಚುಚ್ಚಿಸಿಕೊಳ್ಳಬೇಡಿ ಅಂತಾರೆ. ಟೇಲರ್‌ಗೆ ಹೇಳೋ ಮಾತಾ ಇದು? ಇಸ್ತ್ರಿ ಕೆಲಸ ಪೂರ್ತಿ ಬಿಟ್ಟಿದ್ದೀನಿ. ಹುಕ್ಕು ಹಚ್ಚೋದನ್ನು ಪಕ್ಕದ ಮನೆ ಹುಡುಗಿಗೆ ಕೊಡ್ತೀನಿ. ಮಷಿನ್ ಬಿಟ್ಟಿಲ್ಲ.

ಮಷಿನ್ ಮುಂದೆ ಕೂತು ನನಗೆ ನಾನೇ ಹೊಲಿದುಕೊಂಡ ಬ್ಲೌಸಿನ ಸುದ್ದಿ ಹೇಗೋ ಹರಡಿದೆ. ಒಳಗಡೆ ಎಡಕ್ಕೆ ಮೆತ್ತನೆ ಕಾಟನ್ನಿನ ಜೇಬು. ಅದರೊಳಗೆ ಹತ್ತಿ ದಿಂಡು. ಬರೀ ಹತ್ತಿ ಹಗುರ, ಕೈ ಎತ್ತಿದರೆ ಬ್ಲೌಸ್ ಒಂದು ಕಡೆ ಮೇಲೆ ಸರಿಯುತ್ತೆ. ಅದಕ್ಕೆ ನಡುವೆ ನವಣೆ ತುಂಬಿದ ಪುಟ್ಟ ಚೀಲ ಇಡ್ತೀನಿ. ತೂಕ ಸರಿಹೋಗುತ್ತೆ, ಆಕಾರಕ್ಕೂ ಕೂರುತ್ತೆ. ಒಗೆಯುವಾಗ ಚೀಲ ತೆಗೆದಿಡಬೇಕು, ಇಲ್ಲದಿದ್ದರೆ ಮೊಳಕೆ ಬಂದೀತು. ಈಗ ಗಂಗಾವತಿ, ಕುಷ್ಟಗಿ ಕಡೆಯಿಂದಲೂ ಹೆಂಗಸರು ಬರ್ತಾರೆ, ಮಧ್ಯಾಹ್ನ ಅಂಗಡಿ ಖಾಲಿ ಇರೋ ಹೊತ್ತು ನೋಡಿಕೊಂಡು. ಆರಾಮ ಆತೇನು ಅಂತ ಅವರು ಯಾರೂ ಕೇಳಲ್ಲ. 'ಮಷಿನ್ ಮುಂದ ಮತ್ತ ಯಾವಾಗ ಕುಂತ್ರಿ?' 'ಮನಿಯವ್ರು ಮೊದಲಿನಂಗ ಮಾತಾಡ್ತಾರೇನ್ರೀ?' ಇಂಥವು ಕೇಳ್ತಾರೆ. ಅಳತೆ ತಗೊಳೋದು ಐದು ನಿಮಿಷ, ಮಾತು ಮುಗಿಯೋಕೆ ಸಂಜೆ ಆಗುತ್ತೆ.

ಬರುವವರು ಹಳೆಯ ಅಳತೆ ಬ್ಲೌಸ್ ತನ್ನಿ. ಆಪರೇಷನ್ ಗಾಯ ಪೂರ್ತಿ ಮಾಯ್ದಿರಬೇಕು, ಅಲ್ಲಿಯವರೆಗೆ ಬರೀ ಹತ್ತಿ ಇಟ್ಟುಕೊಳ್ಳಿ, ಭಾರ ಬೇಡ. ಒಳ ಜೇಬಿಗೆ ಬೇರೆ ದುಡ್ಡು ತಗೊಳಲ್ಲ. ನವಣೆ ಮಾತ್ರ ನೀವೇ ತರಬೇಕು.